ಕರಿಹಳ್ಳದಲ್ಲಿ ನಿಲ್ಲುವ ಗಾಡಿ

ಸತ್ತ ಗಂಡನ ಮೋಟರ್‌ಸೈಕಲ್ ಓಡಿಸುವ ಹೆಂಗಸನ್ನು ನೋಡಲು ನಮ್ಮ ಕಡೆ ಜನ ಕೈಯಲ್ಲಿನ ಕೆಲಸ ಬಿಟ್ಟು ನಿಲ್ಲುತ್ತಾರೆ. ನಿಲ್ಲಲಿ. ಅವರು ಬಾಯಿ ತೆರೆದು ನಿಂತಷ್ಟು ಹೊತ್ತು ಅವರ ಎತ್ತುಗಳಿಗಾದರೂ ವಿಶ್ರಾಂತಿ ಸಿಗುತ್ತದೆ. ನನ್ನ ಜಗಳ ಜನರ ಜೊತೆಗಿರಲಿಲ್ಲ, ಗಾಡಿಯ ಜೊತೆಗಿತ್ತು. ಅದು ದಿನಾ ಒಂದೇ ಜಾಗದಲ್ಲಿ ನಿಲ್ಲುತ್ತಿತ್ತು. ಕರಿಹಳ್ಳದ ತಿರುವಿನಲ್ಲಿ, ಜಾಲಿಗಿಡದ ಎದುರಿಗೆ, ಹೋದ ವರ್ಷ ನನ್ನ ಗಂಡ ವಿಕ್ರಾಂತ ಸತ್ತ ಜಾಗದಲ್ಲಿ.

ನಮ್ಮ ಮನೆ ಚಿಂಚಲಿಯ ಆಚೆ ತೋಟದಲ್ಲಿದೆ. ಅಲ್ಲಿಂದ ಡಾಂಬರು ರಸ್ತೆ ಸೇರಬೇಕೆಂದರೆ ಎರಡೂ ಕಡೆ ಕಬ್ಬು ನಿಂತ ಕಿರಿದಾದ ದಾರಿಯಲ್ಲಿ ಬಂದು ಕರಿಹಳ್ಳ ದಾಟಬೇಕು. ಹೋದ ಹಂಗಾಮಿನಲ್ಲಿ ಒಂದು ಬೆಳಿಗ್ಗೆ ವಿಕ್ರಾಂತ ಚಹಾ ಕುಡಿದು, ಮಧ್ಯಾಹ್ನ ಬರುತ್ತೇನೆಂದು ಹೇಳಿ ಗಾಡಿ ಹತ್ತಿದ. ತಿರುವಿನಲ್ಲಿ ಹಿಂದಿನಿಂದ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಬಂದ ಟ್ರ್ಯಾಕ್ಟರ್ ಅವನ ಮೇಲೆ ಹಾಯಿತು. ಟ್ರ್ಯಾಕ್ಟರ್ ಹುಡುಗ ಠಾಣೆಯಲ್ಲಿ ಒಂದೇ ಮಾತು ಹೇಳಿದ. ಗಾಡಿ ನಡುದಾರಿಯಲ್ಲಿ ನಿಂತಿತ್ತು, ಆತ ಬಗ್ಗಿ ಕಿಕ್ ಹೊಡೆಯುತ್ತಿದ್ದ, ಕಬ್ಬು ಅಡ್ಡ ಬಂದು ಕಾಣಲಿಲ್ಲ. ನಾವು ಯಾರೂ ನಂಬಲಿಲ್ಲ. ಹೆಂಡತಿಯ ಮುಖ ನೋಡುವ ಮೊದಲು ಗಾಡಿಯ ಕನ್ನಡಿ ಒರೆಸುತ್ತಿದ್ದ ಮನುಷ್ಯ ಅವನು. ಅವನ ಗಾಡಿ ನಡುದಾರಿಯಲ್ಲಿ ನಿಲ್ಲುವುದೆಂದರೇನು? ಆ ಹುಡುಗ ತನ್ನ ತಲೆ ಉಳಿಸಿಕೊಳ್ಳಲು ತಪ್ಪನ್ನು ಸತ್ತವನ ಮೇಲೆ ಹಾಕಿದ ಎಂದೆವು.

ಗಾಡಿಗೆ ಹ್ಯಾಂಡಲ್ ಬಾಗಿದ್ದು, ಪೆಟ್ರೋಲ್ ಟಾಕಿಗೆ ಒಂದು ತಗ್ಗು ಬಿದ್ದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅದಕ್ಕೇ ನನಗೆ ಅದರ ಮೇಲೆ ಸಿಟ್ಟು. ಠಾಣೆಯಿಂದ ಬಿಡಿಸಿ ತಂದ ಮೇಲೆ ದನದ ಕೊಟ್ಟಿಗೆಯ ಪಕ್ಕದ ತಗಡಿನ ಕೆಳಗೆ ತಾಡಪತ್ರಿ ಹೊದ್ದು ನಿಂತಿತ್ತು. ನಾನು ಅದರ ಕಡೆ ನೋಡುತ್ತಿರಲಿಲ್ಲ.

ನೋಡುವ ಕಾಲ ಬಂತು. ನನಗೆ ಪಶುಸಖಿಯ ಕೆಲಸ ಸಿಕ್ಕಿತು. ಐಸ್ ಡಬ್ಬಿಯಲ್ಲಿ ಲಸಿಕೆ ಇಟ್ಟುಕೊಂಡು ತೋಟದ ಮನೆ ಮನೆಗೆ ಹೋಗಿ ದನ, ಎಮ್ಮೆ, ಆಡುಗಳಿಗೆ ಚುಚ್ಚುವುದು, ಕಿವಿಗೆ ಬಿಲ್ಲೆ ಹಾಕುವುದು. ನನಗೆ ಜನರಿಗಿಂತ ದನಗಳೇ ವಾಸಿ. ಅವು ಒದೆಯುತ್ತವೆ, ಆದರೆ ಒದ್ದು ಸುಮ್ಮನಾಗುತ್ತವೆ. ಜನರ ಪದ್ಧತಿಗಳೂ ಅಲ್ಲಿ ಗೊತ್ತಾಗುತ್ತವೆ. ನಾನು ಸೂಜಿ ತೆಗೆದರೆ ಸಾಕು, ಮನೆಯ ಹಿರಿಯಳು ಓಡಿಹೋಗಿ ಮಾಯಕ್ಕನ ಭಂಡಾರ ತರುತ್ತಾಳೆ. ಭಂಡಾರವೆಂದರೆ ಅರಿಷಿಣದ ಪುಡಿ, ಚಿಂಚಲಿಯ ಗುಡಿಯಿಂದ ತಂದಿಟ್ಟದ್ದು. ದನದ ಹಣೆಗೆ ಒಂದು ಚಿಮಟಿ, ಬಾಯಿ ಬಿಡಿಸಿ ನಾಲಿಗೆಯ ಮೇಲೆ ಒಂದು ಚಿಮಟಿ. ಹೊರಗೆ ಹಚ್ಚಿದ್ದು ಒರೆಸಿ ಹೋಗುತ್ತದೆ, ಹೊಟ್ಟೆಗೆ ಬಿದ್ದದ್ದು ಕಾಯುತ್ತದೆ ಎನ್ನುತ್ತಾರೆ. ದನ ಸೀನುತ್ತದೆ, ನಾನು ಚುಚ್ಚುತ್ತೇನೆ, ಎಲ್ಲರಿಗೂ ಸಮಾಧಾನ.

ತೋಟದಿಂದ ತೋಟಕ್ಕೆ ಐಸ್ ಡಬ್ಬಿ ಹೊತ್ತು ನಡೆದರೆ ಐಸೂ ಉಳಿಯುವುದಿಲ್ಲ, ನಾನೂ ಉಳಿಯುವುದಿಲ್ಲ. ಗಾಡಿ ಬೇಕೇ ಬೇಕಿತ್ತು. ಮೈದುನ ಸುರಜನಿಗೆ ಹೇಳಿ, ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟಿರುವ ಮಾಳಸಿದ್ದನನ್ನು ಮನೆಗೆ ಕರೆಸಿದೆ. ಆತ ಹ್ಯಾಂಡಲ್ ನೆಟ್ಟಗೆ ಮಾಡಿದ, ಹೊಸ ಪ್ಲಗ್ ಹಾಕಿದ, ಹೊಸ ಪೆಟ್ರೋಲು ತುಂಬಿ ಅಂಗಳದಲ್ಲಿ ಒಂದು ಸುತ್ತು ಹೊಡೆದು ಕೊಟ್ಟ. ಅತ್ತೆ ಸುಂದರಾ ಬಾಗಿಲ ಚೌಕಟ್ಟು ಹಿಡಿದು ನಿಂತು, ಮಗನ ಗಾಡಿಯ ಶಬ್ದ ಕೇಳುತ್ತ ಸೆರಗು ಕಚ್ಚಿಕೊಂಡರು. ಬೇಡ ಅನ್ನಲಿಲ್ಲ. ಬೇಕು ಅನ್ನಲೂ ಇಲ್ಲ.

ಮೊದಲ ದಿನವೇ ಕರಿಹಳ್ಳದ ತಿರುವಿನಲ್ಲಿ ಅದು ಎರಡು ಸಲ ಕೆಮ್ಮಿ ನಿಂತಿತು. ನಾನು ಜಾಲಿಗಿಡ ನೋಡಿದೆ. ಕಿಕ್ ಹೊಡೆದೆ, ಹೊಡೆದೆ, ಏನೂ ಆಗಲಿಲ್ಲ. ಸುತ್ತ ಕಬ್ಬು ಸರಸರ ಅನ್ನುತ್ತಿತ್ತು. ಬಿಸಿಲಿತ್ತು, ಹಕ್ಕಿಯಿತ್ತು, ಎಲ್ಲವೂ ಇತ್ತು. ಆದರೂ ನನ್ನ ಬೆನ್ನ ಹಿಂದೆ ಯಾರೋ ಸೀಟಿನ ಮೇಲೆ ಕೂತ ಹಾಗೆ ಅನಿಸಿ, ತಿರುಗಿ ನೋಡಲು ಧೈರ್ಯವಾಗದೆ ರಸ್ತೆ ಬದಿಗೆ ಕೂತುಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಗಾಡಿಯ ಮುಖ ಮನೆಯ ಕಡೆ ತಿರುಗಿಸಿ ಒಂದು ಕಿಕ್ ಹೊಡೆದೆ. ಚಾಲೂ ಆಯಿತು. ಒಂದು ಮಾತಿಲ್ಲದೆ ಅಂಗಳದವರೆಗೂ ಬಂದು, ತಗಡಿನ ಕೆಳಗೆ ಬಂದ ಮೇಲೆಯೇ ಆರಿತು.

ಮರುದಿನವೂ ಹಾಗೇ. ಅದರ ಮರುದಿನವೂ. ಹೋಗುವಾಗ ಕರಿಹಳ್ಳದಲ್ಲಿ ನಿಲ್ಲುತ್ತಿತ್ತು, ಮುಖ ತಿರುಗಿಸಿದರೆ ಮನೆ ಮುಟ್ಟಿಸುತ್ತಿತ್ತು. ಗಾಡಿ ಮನೆಯಲ್ಲಿ ಬಿಟ್ಟು, ನಡೆದು ಹೋಗಬಹುದಾದ ಹತ್ತಿರದ ತೋಟಗಳನ್ನಷ್ಟೇ ಮುಗಿಸುತ್ತಿದ್ದೆ. ಮಾಳಸಿದ್ದನನ್ನು ಮತ್ತೆ ಕರೆಸಿದೆ. ಆತ ಪ್ಲಗ್ ಬಿಚ್ಚಿ ತಿಕ್ಕಿದ, ವಾಯರ್ ಬದಲಿಸಿದ, ಅಂಗಳದಲ್ಲಿ ಸುತ್ತು ಹೊಡೆದ, ಗಾಡಿ ಗುಂಯ್ ಅನ್ನುತ್ತಿತ್ತು. ಎಲ್ಲಿ ನಿಲ್ಲುತ್ತದೆ ಎಂದು ಕೇಳಿದ. ಹೇಳಿದೆ. ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಕೈ ಒರೆಸಿಕೊಂಡ.

"ಅಕ್ಕಾರ, ಗಾಡ್ಯಾಗ ಏನೂ ದೋಷ ಇಲ್ರಿ," ಎಂದ. "ಅಂವ ನಿಮ್ಮನ್ನ ಆ ಕಡೆ ಬಿಡವಲ್ಲ. ನಾ ಇನ್ನ ಇದನ್ನ ಮುಟ್ಟಂಗಿಲ್ಲ."

ಊರಿಗೆಲ್ಲ ಸುದ್ದಿಯಾಯಿತು. ವಿಕ್ರಾಂತ ಹೆಂಡತಿಯನ್ನು ತಿರುವಿನಾಚೆ ಹೋಗಗೊಡುವುದಿಲ್ಲವಂತೆ, ಮನೆಯ ಕಡೆ ಮುಖ ಮಾಡಿದರೆ ಸುಖವಾಗಿ ಕರೆತರುತ್ತಾನಂತೆ. ಹೆಂಗಸರು ಕಣ್ಣಿಗೆ ಸೆರಗು ಹಚ್ಚಿದರು. ಎಂಥ ಗಂಡ, ಸತ್ತರೂ ಕಾಯುತ್ತಾನೆ! ಬದುಕಿದ್ದಾಗ ಉಪ್ಪು ತಂದುಕೊಡು ಎಂದರೆ ಮರೆತು ಬರುತ್ತಿದ್ದ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಏಕೆಂದರೆ ನಾನೂ ನಂಬಿದ್ದೆ. ಈಗ ನೆನೆದರೆ ನಾಚಿಕೆಯೇನೂ ಆಗುವುದಿಲ್ಲ. ಗಾಡಿ ನಿಂತಾಗ ಜಾಲಿಗಿಡದ ಕೆಳಗೆ ಕೂತು ಅವನ ಜೊತೆ ಮಾತಾಡುತ್ತಿದ್ದೆ. ಯಾವ ಎಮ್ಮೆ ಈದಿತು, ಯಾರು ನನ್ನನ್ನು ಹೇಗೆ ನೋಡಿದರು, ರಾತ್ರಿ ಹಾಸಿಗೆಯ ಅವನ ಬದಿಯಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಮಲಗುತ್ತೇನೆಂಬುದು. ನನಗೆ ಗಾಡಿ ಓಡುವುದೂ ಬೇಕಿತ್ತು, ಅಲ್ಲಿ ನಿಲ್ಲುವುದೂ ಬೇಕಿತ್ತು.

ಅತ್ತೆ ಮಾತ್ರ ದಿನದಿನಕ್ಕೆ ಕುಗ್ಗಿದರು. ವಿಕ್ರಾಂತ ಅವರ ಕನಸಿಗೆ ಬರುತ್ತಿದ್ದ. ಬೆಳಿಗ್ಗೆ ಒಲೆ ಮುಂದೆ ಕೂತು ಅದನ್ನೇ ಹೇಳುತ್ತಿದ್ದರು. ಬಾಗಿಲಲ್ಲಿ ನಿಲ್ಲುತ್ತಾನೆ, ಒಳಗೆ ಬರುವುದಿಲ್ಲ, ಏನೋ ಹೇಳಲು ಬಾಯಿ ತೆರೆಯುತ್ತಾನೆ, ಅಷ್ಟರಲ್ಲಿ ಎಚ್ಚರವಾಗುತ್ತದೆ. ಏನು ಹೇಳುತ್ತಿದ್ದನೋ ಎಂದು ಅವರು ರೊಟ್ಟಿ ತಟ್ಟುವುದನ್ನೂ ಬಿಟ್ಟು ಕೂತಿರುತ್ತಿದ್ದರು.

ಕಡೆಗೆ ಸುರಜ ಸಿಟ್ಟಿಗೆದ್ದ. ಸಿಟ್ಟಲ್ಲ, ಅಂಜಿಕೆ. ಗಂಡಸರಿಗೆ ಅಂಜಿಕೆಯಾದರೆ ದನಿ ದೊಡ್ಡದಾಗುತ್ತದೆ. ಕಾಲುಬಾಯಿ ರೋಗದ ಲಸಿಕೆಯ ಸುತ್ತು ಶುರುವಾಗಲಿತ್ತು. ಅದು ಮುಗಿಯುವುದರೊಳಗೆ ಗಾಡಿ ಮತ್ತೆ ಅಲ್ಲಿ ನಿಂತರೆ ಗುಜರಿಗೆ ಹಾಕಿ ತುಂಡು ಮಾಡಿಸುತ್ತೇನೆ, ಆಗಲಾದರೂ ಅಣ್ಣನಿಗೆ ಮುಕ್ತಿ ಸಿಗುತ್ತದೆ ಎಂದ. ಗಾಡಿ ಹೋದರೆ ನನ್ನ ಕೆಲಸ ಹೋಗುತ್ತದೆ. ಕೆಲಸ ಹೋದರೆ ನಿಪ್ಪಾಣಿಯ ತವರಿನಲ್ಲಿ ಅಣ್ಣಂದಿರ ಮನೆಯ ಮೂಲೆ. ಅದು ಸುರಜನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಕೆಟ್ಟವನಲ್ಲ, ಅವನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಅಷ್ಟೇ.

ಸುತ್ತಿನ ಮೊದಲ ದಿನ ಡಬ್ಬಿಯ ತುಂಬ ಲಸಿಕೆ ಇತ್ತು. ಕರಿಹಳ್ಳದಲ್ಲಿ ಗಾಡಿ ನಿಂತಿತು. ಮುಖ ತಿರುಗಿಸಿ ಮನೆಗೆ ಹೋಗುವ ಹಾಗಿರಲಿಲ್ಲ. ಹಾಲುಮತದವರ ತೋಟದಲ್ಲಿ ಜನ ದನ ಕಟ್ಟಿಕೊಂಡು ಕಾಯುತ್ತಿದ್ದರು, ಐಸು ಕರಗುತ್ತಿತ್ತು. ನಾನು ಜಾಲಿಗಿಡದ ಕಡೆ ತಿರುಗಿ ಕೈ ಮುಗಿದೆ. ಇವತ್ತೊಂದು ದಿನ ಬಿಡು, ಔಷಧ ಕೆಡುತ್ತದೆ, ಮೂಕ ಪ್ರಾಣಿಗಳು ಎಂದೆ. ಸ್ವಲ್ಪ ಹೊತ್ತು ಬಿಟ್ಟು, ಮುಖ ತಿರುಗಿಸದೆ, ಮುಂದಕ್ಕೇ ಕಿಕ್ ಹೊಡೆದೆ. ಚಾಲೂ ಆಯಿತು.

ನಾನು ಅಳುತ್ತಲೇ ಓಡಿಸಿದೆ. ಬಿಟ್ಟನಲ್ಲ, ನನ್ನ ಮಾತು ಕೇಳಿದನಲ್ಲ ಎಂಬ ಸಂತೋಷ, ಇಷ್ಟು ಸುಲಭಕ್ಕೆ ಬಿಟ್ಟನಲ್ಲ ಎಂಬ ಸಂಕಟ. ಡಾಂಬರು ರಸ್ತೆ ಹತ್ತಿದೆ, ಪೆಟ್ರೋಲ್ ಪಂಪು ದಾಟಿದೆ, ಇಟ್ಟಿಗೆ ಭಟ್ಟಿಯ ಹತ್ತಿರ ಬಂದೆ. ಗಾಡಿ ಎರಡು ಸಲ ಕೆಮ್ಮಿ ನಿಂತಿತು.

ಸುತ್ತ ನೋಡಿದೆ. ಬೂದಿ, ಒಡೆದ ಇಟ್ಟಿಗೆ, ಒಂದು ಬಡಕಲು ನಾಯಿ. ವಿಕ್ರಾಂತನಿಗೆ ಇಲ್ಲೇನು ಕೆಲಸ? ಅವನು ಇಲ್ಲಿ ಸತ್ತಿರಲಿಲ್ಲ, ಹುಟ್ಟಿರಲಿಲ್ಲ, ಈ ಭಟ್ಟಿಯವನ ಜೊತೆ ಅವನಿಗೆ ಮಾತೂ ಇರಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಒಬ್ಬ ಮನುಷ್ಯ ಸತ್ತ ಮೇಲೆ ಒಂದು ಜಾಗದಲ್ಲಿ ನಿಲ್ಲಿಸಲಿ, ಒಪ್ಪುತ್ತೇನೆ. ಕಂಡಕಂಡಲ್ಲಿ ನಿಲ್ಲಿಸಿದರೆ ಅದು ಗಂಡನಲ್ಲ, ಗಾಡಿಯ ರೋಗ.

ಸಿಟ್ಟು ಬಂದರೆ ನನ್ನ ತಲೆ ಓಡುತ್ತದೆ. ಬಂದ ದಾರಿಯನ್ನು ತಿರುಗಿ ನೋಡಿದೆ. ಮನೆಯಿಂದ ಕರಿಹಳ್ಳಕ್ಕೆ ಎಷ್ಟು ದೂರವೋ, ಕರಿಹಳ್ಳದಿಂದ ಭಟ್ಟಿಗೆ ಸುಮಾರು ಅಷ್ಟೇ ದೂರ. ಕರಿಹಳ್ಳದಿಂದ ತಿರುಗಿ ಮನೆಗೂ ಅಷ್ಟೇ. ಅದಕ್ಕೇ ಅದು ಅಂಗಳಕ್ಕೆ ಬಂದು ಆರುತ್ತಿತ್ತು. ನಾನು ದನದ ಕೆಲಸದವಳು. ಹಸು ಮೇವು ಬಿಟ್ಟರೆ ಮೊದಲು ಕೇಳುವುದು ಏನು ತಿಂದಿತ್ತು ಎಂದು, ಹಿಂದಿನ ಜನ್ಮದಲ್ಲಿ ಏನಾಗಿತ್ತು ಎಂದಲ್ಲ. ಈ ಗಾಡಿ ಪ್ರತಿ ಸಲ ಒಂದು ಗುಟುಕು ಕುಡಿದು, ಆ ಗುಟುಕು ಮುಗಿಯುವವರೆಗೆ ಓಡಿ, ಬಾಯಾರಿ ನಿಲ್ಲುತ್ತಿತ್ತು. ನಾನು ಕೂತು ಅಳುವಷ್ಟು ಹೊತ್ತಿನಲ್ಲಿ ಅದಕ್ಕೆ ಇನ್ನೊಂದು ಗುಟುಕು ಇಳಿಯುತ್ತಿತ್ತು.

ಟಾಕಿಯ ಕೆಳಗೆ, ಇಂಜಿನ್ನಿನ ಹಿಂದೆ ಕಾರ್ಬೋರೇಟರ್ ಇರುತ್ತದೆ. ಮಾಳಸಿದ್ದ ಬೇರೆಯವರ ಗಾಡಿಗಳಲ್ಲಿ ಅದನ್ನು ಬಿಚ್ಚುವುದನ್ನು ನೋಡಿದ್ದೆ. ಅದರ ತಳದಲ್ಲಿ ಒಂದು ಸಣ್ಣ ಬಟ್ಟಲು, ಪೆಟ್ರೋಲು ಟಾಕಿಯಿಂದ ಅದಕ್ಕಿಳಿದು, ಅಲ್ಲಿಂದ ಸೂಜಿಯ ತೂತಿನಷ್ಟು ಸಣ್ಣ ದಾರಿಯಲ್ಲಿ ಇಂಜಿನ್ನಿಗೆ ಹೋಗುತ್ತದೆ. ಸೀಟಿನ ಕೆಳಗಿನ ಸ್ಕ್ರೂಡ್ರೈವರ್ ತೆಗೆದು, ಪೆಟ್ರೋಲಿನ ಕಾಕ್ ಮುಚ್ಚಿ, ಮಣ್ಣಿನಲ್ಲಿ ಮಂಡಿಯೂರಿ ಬಟ್ಟಲು ಬಿಚ್ಚಿದೆ. ಅದರಲ್ಲಿ ಪೆಟ್ರೋಲು ಇರಲಿಲ್ಲ. ತಳದಲ್ಲಿ ಹಳದಿ ರಾಡಿ ಕೂತಿತ್ತು. ಟಾಕಿಯಿಂದ ಬರುವ ಪೈಪನ್ನು ಎಳೆದೆ, ಕಾಕ್ ತೆರೆದೆ. ಹನಿ ಹನಿಯಾಗಿ ಬಿತ್ತು, ಅದರ ಬಾಯಿಗೂ ಹಳದಿ ಮೆತ್ತಿತ್ತು.

ಸಿರಿಂಜಿನ ಸೂಜಿಗೆ ಔಷಧ ಕಟ್ಟಿಕೊಂಡರೆ ಹೇಗೆ ಬಿಡಿಸಬೇಕೆಂದು ನನಗೆ ಗೊತ್ತು. ಚೀಲದಲ್ಲಿ ಸೂಜಿಗಳಿದ್ದವು. ಪೈಪಿನ ಬಾಯಿಯನ್ನೂ ಸಣ್ಣ ತೂತುಗಳನ್ನೂ ಚುಚ್ಚಿ ಚುಚ್ಚಿ ಬಿಡಿಸಿದೆ, ಸಿರಿಂಜಿನಿಂದ ಪೆಟ್ರೋಲು ಹಾಯಿಸಿ ತೊಳೆದೆ. ಬಟ್ಟಲನ್ನು ನನ್ನ ಸೆರಗಿನಿಂದ ಒರೆಸಿದೆ. ಸೆರಗು ಹಳದಿಯಾಯಿತು. ಉಗುರಿನ ಸಂದಿಯೂ ಹಳದಿಯಾಯಿತು. ಮೂಸಿ ನೋಡಿದೆ. ಪೆಟ್ರೋಲಿನ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಅರಿಷಿಣ.

ಗಾಡಿ ಒಂದೇ ಕಿಕ್‌ಗೆ ಎದ್ದಿತು. ಆ ದಿನ ಎಲ್ಲ ತೋಟಗಳನ್ನೂ ಮುಗಿಸಿದೆ, ಎಲ್ಲೂ ನಿಲ್ಲಲಿಲ್ಲ. ಆದರೆ ದನದ ಕುತ್ತಿಗೆಗೆ ಸೂಜಿ ಹಾಕುವಾಗಲೂ ನನ್ನ ಲಕ್ಷ್ಯ ಗಾಡಿಯ ಮೇಲೇ ಇತ್ತು. ಹೋದ ವರ್ಷ ಸಾಯುವ ಮುಂಚಿನ ದಿನಗಳಲ್ಲಿ ವಿಕ್ರಾಂತ ಊಟಕ್ಕೆ ಕೂತಾಗ ಹೇಳಿದ್ದು ನೆನಪಾಗಿತ್ತು. ಗಾಡಿ ಯಾಕೋ ಕೆಮ್ಮುತ್ತಿದೆ, ಮಾಳಸಿದ್ದನಿಗೆ ತೋರಿಸಬೇಕು ಎಂದಿದ್ದ. ತೋರಿಸಲು ಹೊರಟದ್ದೇ ಅವತ್ತೋ ಏನೋ. ಅವತ್ತೂ ಗಾಡಿ ಬಟ್ಟಲಿನಲ್ಲಿದ್ದಷ್ಟು ಪೆಟ್ರೋಲಿಗೆ ಕರಿಹಳ್ಳದವರೆಗೆ ಬಂದಿತ್ತು. ಅವನು ಇಳಿದು, ಬಗ್ಗಿ, ಕಿಕ್ ಹೊಡೆಯುತ್ತಿದ್ದ. ಆ ಟ್ರ್ಯಾಕ್ಟರ್ ಹುಡುಗ ಒಂದು ಅಕ್ಷರವೂ ಸುಳ್ಳು ಹೇಳಿರಲಿಲ್ಲ.

ಸತ್ತ ವಿಕ್ರಾಂತ ಗಾಡಿಯನ್ನು ನಿಲ್ಲಿಸುತ್ತಿರಲಿಲ್ಲ. ಗಾಡಿ ನಿಂತದ್ದಕ್ಕೇ ವಿಕ್ರಾಂತ ಸತ್ತಿದ್ದ.

ಸಂಜೆ ಬೆಳಕಿರುವಾಗಲೇ ಮಾಳಸಿದ್ದನ ಗ್ಯಾರೇಜಿಗೆ ಹೋಗಿ, ಅವನು ಬೇಡವೆಂದರೂ ಬಿಡದೆ, ಟಾಕಿ ಇಳಿಸಿ ತೊಳೆಸಿದೆ. ಹಳದಿ ನೀರು ಚರಂಡಿಗೆ ಹೋಗುವುದನ್ನು ಅವನು ನೋಡಿ ಮಾಯಕ್ಕನ ಹೆಸರು ಹೇಳಿ ಕೆನ್ನೆ ಬಡಿದುಕೊಂಡ. ಯಾರಿಗೂ ಹೇಳಬೇಡ ಎಂದೆ. ಮನೆಗೆ ಬರುವಾಗ ಕರಿಹಳ್ಳದ ತಿರುವನ್ನು ದಾಟಿದೆ. ಗಾಡಿ ನಿಲ್ಲಲಿಲ್ಲ, ನಾನೂ ನಿಲ್ಲಲಿಲ್ಲ. ಜಾಲಿಗಿಡ ಬರೀ ಜಾಲಿಗಿಡವಾಗಿತ್ತು. ಅವನು ಸತ್ತ ದಿನ ಆದದ್ದಕ್ಕಿಂತ ಹೆಚ್ಚು ಒಂಟಿ ಅನಿಸಿತು.

ಯಾರು ಹಾಕಿದರು? ಸುರಜನ ಮೇಲೆ ನನ್ನ ಅನುಮಾನ ಹೋಯಿತು. ಗುಜರಿಗೆ ಹಾಕಲು ಕಾದವನು ಅವನೇ ತಾನೆ. ಅಣ್ಣನ ಕಾಲದಲ್ಲೂ ಗಾಡಿಯ ಮೇಲೆ ಅವನಿಗೆ ಕಣ್ಣಿತ್ತು. ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟುತ್ತಿದ್ದವನ ಮುಂದೆ ಹೋಗಿ ಹಳದಿ ಸೆರಗು ಹಿಡಿದೆ. ಟಾಕಿಯಲ್ಲಿ ಸಿಕ್ಕಿತು, ಇದು ನಿನ್ನ ಕೆಲಸವೇ ಎಂದು ಕೇಳಿದೆ. ಅವನು ಹಗ್ಗ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ವೈನಿ, ನಾ ಯಾಕ ಹಾಕ್ಲಿ? ಅದನ್ನ ಮುಟ್ಟಾಕ ನನಗ ಅಂಜಿಕಿ ಬರತೈತಿ," ಎಂದ. ಅದು ಸುಳ್ಳು ಹೇಳುವವನ ಮುಖವಲ್ಲ. ಯಾರೋ ಮಾಟ ಮಾಡಿಸಿದ್ದಾರೆ ಎಂದು ಅವನು ಶುರುಮಾಡಿದ. ಅವ್ವನ ಮುಂದೆ ಬಾಯಿ ಬಿಟ್ಟರೆ ನೋಡು ಎಂದು ಬೆದರಿಸಿ ಒಳಗೆ ಬಂದೆ.

ರಾತ್ರಿಯೆಲ್ಲ ಊರಿನ ಒಬ್ಬೊಬ್ಬರ ಮುಖವನ್ನೂ ತಂದು ನಿಲ್ಲಿಸಿ ನೋಡಿದೆ. ಬೇಲಿಯ ಜಗಳದವರು, ನೀರಿನ ಸರದಿಯ ಜಗಳದವರು, ನನ್ನ ಮದುವೆಗೆ ಬರದವರು. ಯಾರ ಕೈಯೂ ಹಳದಿಯಾಗಿ ಕಾಣಲಿಲ್ಲ. ಗಾಡಿಯ ಕೀಲಿ ಯಾವಾಗಲೂ ನಮ್ಮ ನಡುಮನೆಯ ಮೊಳೆಗೆ ತೂಗಿರುತ್ತದೆ, ಅದಿಲ್ಲದೆ ಟಾಕಿಯ ಮುಚ್ಚಳ ತೆರೆಯುವುದಿಲ್ಲ ಎಂಬುದು ಹೊಳೆದಾಗ ಬೆಳಗಾಗುತ್ತಿತ್ತು. ಎದ್ದು ನೋಡಿದೆ. ಮೊಳೆ ಬರಿದಾಗಿತ್ತು.

ಬಾಗಿಲು ತೆರೆದೆ. ಕೊಟ್ಟಿಗೆಯ ಪಕ್ಕದಲ್ಲಿ ಅತ್ತೆ ಗಾಡಿಯ ಮುಂದೆ ನಿಂತಿದ್ದರು. ಸ್ನಾನ ಮಾಡಿ, ಒದ್ದೆ ಕೂದಲಿನಲ್ಲಿ, ಬರಿಗಾಲಿನಲ್ಲಿ. ಟಾಕಿಯ ಮುಚ್ಚಳ ತೆಗೆದಿತ್ತು. ಎಡಗೈಯಲ್ಲಿ ಭಂಡಾರದ ಚೀಲ, ಬಲಗೈಯಲ್ಲಿ ಒಂದು ಚಿಮಟಿ. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಪಕ್ಕದ ಕೊಟ್ಟಿಗೆಯಲ್ಲಿ ದನಗಳು ನಿಂತಿದ್ದವು, ಅವುಗಳ ಹಣೆಗೆಲ್ಲ ಆಗಲೇ ಹಚ್ಚಿ ಆಗಿತ್ತು. ಗಾಡಿಯ ಸರದಿ ಬಂದಿತ್ತು.

ನಾನು ಓಡಿಹೋಗಿ ಆ ಕೈ ಹಿಡಿದೆ.

ನನ್ನ ಬಾಯಿಗೆ ಎಷ್ಟೋ ಮಾತು ಬಂದವು. ಮುದುಕಿ, ಏನು ಮಾಡಿದೆ, ಎಷ್ಟು ದಿನದಿಂದ ಮಾಡಿದೆ ಎಂದು ಕಿರುಚುವಷ್ಟು ಸಿಟ್ಟಿತ್ತು. ಅತ್ತೆ ಹೆದರಲಿಲ್ಲ. ಕದ್ದು ಸಿಕ್ಕಿಬಿದ್ದವರ ಹಾಗೆ ನಾಚಿದರು. ಆಮೇಲೆ ತಾವಾಗಿಯೇ ಹೇಳಿದರು. ವಿಕ್ರಾಂತ ಗಾಡಿ ತಂದಾಗಿನಿಂದ ಅವನ ಹಣೆಗೆ ಭಂಡಾರ ಹಚ್ಚಲು ಹೋದರೆ, ಗೆಳೆಯರು ನಗುತ್ತಾರೆಂದು ಒರೆಸಿಕೊಳ್ಳುತ್ತಿದ್ದ. ಗಾಡಿಯ ಮೇಲೆ ಹಚ್ಚಿದರೆ ಅದನ್ನೂ ಒರೆಸುತ್ತಿದ್ದ. ಅದಕ್ಕೆ ಅವರು ಅಮಾಸೆಗೊಮ್ಮೆ, ಎತ್ತಿಗೆ ಹಾಕಿದ ಹಾಗೆ, ಗಾಡಿಯ ಹೊಟ್ಟೆಗೆ ಹಾಕತೊಡಗಿದರು. ಹೊಟ್ಟೆಗೆ ಹೋದದ್ದನ್ನು ಯಾರು ಒರೆಸುತ್ತಾರೆ?

"ಆ ಅಮಾಸಿಗೆ ಮರತೆ, ನೀಲಮ," ಎಂದರು. "ಅಥಣಿಗೆ ಹೋಗಿದ್ನಿ, ಬಂದಾಕಿ ಮರತೆ. ಮೂರ ದಿನಕ್ಕ ಅಂವ ಹೋದ. ಯಾರ ಮುಂದನೂ ಹೇಳಿಲ್ಲ ನಾ. ನನ್ನ ಮಗನ್ನ ನಾನ ಕೊಂದೇನಿ."

ಅವರ ಕೈ ನನ್ನ ಕೈಯಲ್ಲಿತ್ತು. ಚಿಮಟಿಯನ್ನು ಇನ್ನೂ ಬಿಟ್ಟಿರಲಿಲ್ಲ.

"ನೀನು ಗಾಡಿ ಹತ್ತಿದ ಮ್ಯಾಲೆ ದಿನಾ ಹಾಕಾಕತ್ತೀನಿ. ನಿನ್ನ ಹಣಿಗೆ ಹಚ್ಚೂ ಹಂಗಿಲ್ಲ. ಗಾಡಿಗರೆ ಹಾಕತೀನಿ, ಕೈ ಬಿಡ."

ಹೌದು, ಗಂಡ ಸತ್ತವಳ ಹಣೆಗೆ ಅರಿಷಿಣ ಹಚ್ಚುವುದಿಲ್ಲ. ಆ ಪದ್ಧತಿಗೂ ಸೇರಿಸಿ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅತ್ತೆಯ ಬೆರಳುಗಳನ್ನು ನೋಡಿದೆ. ತುದಿ ಪೂರ್ತಿ ಹಳದಿಯಾಗಿದ್ದವು. ಆ ಬೆರಳುಗಳೇ ನನ್ನ ಗಂಡನನ್ನು ಎತ್ತಿ ಉಣಿಸಿ ಬೆಳೆಸಿದ್ದವು, ಆ ಬೆರಳುಗಳೇ ಅವನನ್ನು ಕರಿಹಳ್ಳದಲ್ಲಿ ನಿಲ್ಲಿಸಿದ್ದವು, ನನ್ನನ್ನೂ ಪ್ರೀತಿಯಿಂದ ದಿನಾ ಅಲ್ಲೇ ನಿಲ್ಲಿಸುತ್ತಿದ್ದವು. ಹಾಕಲು ಮರೆತದ್ದಕ್ಕೆ ಮಗ ಸತ್ತ ಎಂದು ಒಂದು ವರ್ಷದಿಂದ ಈ ಹೆಂಗಸು ಒಳಗೇ ಬೇಯುತ್ತಿದ್ದಳು. ಮರೆತದ್ದಕ್ಕಲ್ಲ, ಹಾಕಿದ್ದಕ್ಕೆ ಎಂದು ನಾನೊಂದು ಮಾತು ಹೇಳಿದರೆ ಸಾಕಿತ್ತು, ನನ್ನ ಸಿಟ್ಟು ತಣಿಯುತ್ತಿತ್ತು, ಆದರೆ ಅವರು ಅಲ್ಲೇ ಕುಸಿದು ಆ ತಗಡಿನ ಕೆಳಗಿಂದ ಎದ್ದು ಬರುತ್ತಿರಲಿಲ್ಲ.

"ನೀವು ಮರತ್ರಿ, ಖರೆ," ಎಂದೆ. "ನಾ ಮರೀಲಿಲ್ರಿ. ಅವತ್ತ ಅಂವ ಹೊಂಡೂ ಮುಂದ ಅವನ ಬಾಯಾಗ ನಾನ ಭಂಡಾರ ಹಾಕಿದ್ನಿ."

ಅತ್ತೆ ನನ್ನ ಮುಖವನ್ನೇ ನೋಡಿದರು. ಉಗುಳಲಿಲ್ಲವೇ ಎಂದು ಕೇಳಿದರು. ಇಲ್ಲ, ನಕ್ಕೊಂಡೇ ನುಂಗಿದ ಎಂದು ಸುಳ್ಳಿಗೆ ಇನ್ನೊಂದು ಸುಳ್ಳು ಸೇರಿಸಿದೆ. ಅವರು ಮೇವಿನ ಕಟ್ಟೆಯ ಮೇಲೆ ಕೂತರು. ಎಮ್ಮೆಯೊಂದು ಅವರ ಭುಜ ಮೂಸಿತು. ಆಮೇಲೆ ಅವರು ಅತ್ತರು. ಮಗನ ಹೆಣದ ಮುಂದೆಯೂ ಅವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಹಾಗಾದರೆ ಮಾಯಕ್ಕ ಯಾಕೆ ಕಾಯಲಿಲ್ಲ ಎಂದು ನಡುವೆ ಒಮ್ಮೆ ಕೇಳಿದರು. ಅದನ್ನು ಆಕೆಯನ್ನೇ ಕೇಳಬೇಕು ಎಂದೆ. ಕೇಳುತ್ತೇನೆ ಎಂದರು, ಸ್ವಲ್ಪ ಸಿಟ್ಟಿನಿಂದ. ಆ ಸಿಟ್ಟು ನೋಡಿ ನನಗೆ ಜೀವ ಬಂತು.

ನಾನು ಟಾಕಿಯ ಮುಚ್ಚಳ ಹಾಕಿ ಕೀಲಿ ತಿರುವಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅತ್ತೆಯ ಕಣ್ಣು ಆ ಕೀಲಿಯ ಮೇಲೆ ಹೋಯಿತು. ಇವತ್ತಿನದು ಹಾಕಿಲ್ಲವಲ್ಲ ಎಂದು ಗಾಬರಿಯಾದರು. ನಾನು ಅವರ ಮುಂದೆ ಮಂಡಿಯೂರಿದೆ.

"ಎತ್ತಿನ ಬಾಯಾಗ ಹಾಕತೀವ್ರಿ, ಬಂಡಿಗೆ ಹಾಕತೀವೇನ್?" ಎಂದೆ. "ಗಾಡಿಗೆ ಬ್ಯಾಡ. ನನಗ ಹಾಕ್ರಿ."

ಅವರ ಕೈ ಮೇಲೆದ್ದು ನನ್ನ ಹಣೆಯ ಹತ್ತಿರ ಬಂದು ನಿಂತಿತು. ಅಷ್ಟು ವರ್ಷದ ಪದ್ಧತಿ ಆ ಕೈಯನ್ನು ಹಿಡಿದಿತ್ತು. ನಾನು ಕಾಯಲಿಲ್ಲ. ನನ್ನ ಸೂಜಿಗೆ ಹೆದರುವ ದನದ ಹಾಗೆ ಕಣ್ಣು ಮುಚ್ಚಿ ಬಾಯಿ ತೆರೆದೆ. ನಾಲಿಗೆಯ ಮೇಲೆ ಒಣ ಪುಡಿ ಬಿತ್ತು. ಕಹಿಯಾಗಿ, ಒಗರಾಗಿ, ಗಂಟಲಿಗೆ ಹತ್ತಿಕೊಂಡಿತು. ನೀರು ಕೇಳದೆ ನುಂಗಿದೆ. ಕಣ್ಣು ತೆರೆಯುವಷ್ಟರಲ್ಲಿ ಅವರ ಹೆಬ್ಬೆರಳು ನನ್ನ ಹಣೆಯ ಮೇಲೂ ಒಂದು ಸಲ ಹಾದುಹೋಗಿತ್ತು.

ಸುರಜ ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತವನು ನನ್ನ ಹಣೆ ನೋಡಿ ಏನೋ ಹೇಳಲು ಬಂದ. ನಾನು ನೋಡಿದ ರೀತಿಗೆ ಬಾಯಿ ಮುಕ್ಕಳಿಸಲು ಹೋದ. ಐಸ್ ಡಬ್ಬಿ ಕಟ್ಟಿಕೊಂಡು ಗಾಡಿ ಹೊರತೆಗೆದೆ.

ಕರಿಹಳ್ಳದ ತಿರುವಿನಲ್ಲಿ ಗಾಡಿ ಕೆಮ್ಮಲಿಲ್ಲ. ಬದಿಗೆ ತೆಗೆದುಕೊಂಡು ನಾನೇ ಆರಿಸಿದೆ. ಕಬ್ಬು ಸರಸರ ಅನ್ನುತ್ತಿತ್ತು. ಜಾಲಿಗಿಡದ ಕೆಳಗೆ ಯಾರೂ ಇಲ್ಲ ಎಂದು ನನಗೆ ಗೊತ್ತಿತ್ತು. ಬಟ್ಟಲು ಬಿಚ್ಚಿ, ತೊಳೆದು, ಕಣ್ಣಾರೆ ನೋಡಿದ್ದೆ. ಆದರೂ ಬೆನ್ನ ಹಿಂದೆ ಸೀಟಿನ ಮೇಲೆ ಯಾರೋ ಕೂತಂತೆ ಆಯಿತು. ಈ ಸಲ ಅಂಜಲಿಲ್ಲ, ತಿರುಗಿ ನೋಡಲೂ ಇಲ್ಲ. ನಾಲಿಗೆ ಮೇಲೆ ಅರಿಷಿಣ ಇನ್ನೂ ಇತ್ತು.

"ನಿಮ್ಮವ್ವನ ಕನಸಿಗೆ ಹೋಗ್ತೀಯಲ್ಲ," ಎಂದೆ. "ಹೋಗು. ಬಾಗಿಲಾಗ ನಿಲ್ಲು, ಮಾರಿ ತೋರಿಸು. ಬಾಯಿ ಮಾತ್ರ ತೆರೀಬ್ಯಾಡ."

ಕಿಕ್ ಹೊಡೆದೆ. ಯಾವ ದೋಷವೂ ಇಲ್ಲದ ಗಾಡಿ ಚಾಲೂ ಆಗಲಿಲ್ಲ. ಹ್ಯಾಂಡಲ್ ಹಿಡಿದು ಸುಮ್ಮನೆ ನಿಂತೆ. ನನ್ನ ಮಾತು ಒಪ್ಪಿಕೊಳ್ಳಲು ವಿಕ್ರಾಂತನಿಗೆ ಯಾವಾಗಲೂ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಇನ್ನೊಂದು ಕಿಕ್‌ಗೆ ಇಂಜಿನ್ ಎದ್ದಿತು, ನಾನು ತಿರುವು ದಾಟಿ ದನಗಳ ಕಡೆಗೆ ಹೋದೆ.